ಬನದ ಧೂಪದ ಮರ

ನಗೋರು ಈಗ್ಲೇ ನಕ್ಕು ಮುಗಿಸಿ. ಆಮೇಲೆ ನಡುವೆ ಬಾಯಿ ಹಾಕಿದ್ರೆ ನಾನು ಸುಮ್ನಿರೋಳಲ್ಲ. ಇದು ನಮ್ಮ ಚಿಕ್ಕಪ್ಪನ ಮಗಳು ಗುತ್ಯಮ್ಮನಿಗೆ ಆಗಿದ್ದು. ಲಿಂಗನಮಕ್ಕಿ ಡ್ಯಾಮಿನ ನೀರು ನಿಂತು ಒಂದೆರಡು ವರ್ಷ ಆಗಿತ್ತೇನೋ.

ರಿಪ್ಪನ್‌ಪೇಟೆ ಸಂತೆ ಮುಗಿಸಿ ಒಬ್ಳೇ ಬರ್ತಿದ್ಲು. ಬಸ್ಸು ಕೈಕೊಟ್ಟು ಕತ್ತಲಾಗಿತ್ತು. ಊರ ಬಾಗಿಲಲ್ಲೇ ಚೌಡಮ್ಮನ ಬನ. ನಡುವೆ ದೊಡ್ಡ ಧೂಪದ ಮರ, ಬುಡದಲ್ಲಿ ಉಕ್ಕೋ ಜಲ. ಬೇಸಿಗೇಲಿ ಇಡೀ ಕೇರಿ ಕುಡಿಯೋದು ಅದೇ ನೀರು. ಆ ಬನದೊಳಗಿಂದ ಸದ್ದು...

ಗರ್ರ್... ಗರ್ರ್...

ಇಬ್ಬರು ಎಳೆಯೋ ಗರಗಸ.

ಗುತ್ಯಮ್ಮನ ಪಿತ್ತ ನೆತ್ತಿಗೇರ್ತು. ಯಾಕಂತೀರಾ? ಕಂಟ್ರಾಕ್ಟರು ಬನದ ಮರಾನೆಲ್ಲ ಪ್ಲೈವುಡ್ಡಿಗೆ ಅಂತ ಗುತ್ತಿಗೆ ಹಿಡಿದಿದ್ದ. ಮುಳುಗಿದ ಕಾಡು ಮುಳುಗ್ತು, ಇದನ್ನ ಮಾತ್ರ ಬಿಟ್ಟುಕೊಡಲ್ಲ ಅಂತ ಊರೋರು ಅರ್ಜಿ ಕೊಟ್ಟಿದ್ವಿ. ಬೆಳಗಾದ್ರೆ ಫಾರೆಸ್ಟ್ ಸಾಹೇಬ್ರು ನೋಡಾಕೆ ಬರೋರು. ಅಷ್ಟ್ರಲ್ಲಿ ಮರ ಉರುಳಿಸಿಬಿಟ್ರೆ ನೋಡೋದೆಂತ ಉಳೀತದೆ? ಆದ್ರೆ ಕಂಟ್ರಾಕ್ಟರ ಮರ ಕೊಯ್ಯೋ ಆಳು ಧರ್ಮಪ್ಪ, ಅವನ ಜೊತೆಗಾರ ಜ್ವರ ಬಂದು ಮಲಗಿದ್ದ. ಗರಗಸದ ಇನ್ನೊಂದು ತುದಿ ನಮ್ಮೂರೋರು ಯಾರೂ ಹಿಡಿಯಲ್ಲ ಅಂತ ಚೌಡಮ್ಮನ ಮುಂದೆ ಕಾಯಿ ಒಡೆದು ಆಣೆ ಮಾಡಿದ್ವಿ.

ಹಂಗಾದ್ರೆ ಆ ತುದಿ ಹಿಡಿದಿರೋ ಮನೆಹಾಳರು ಯಾರು?

ಚಪ್ಪಲಿ ಬಿಟ್ಟು ಒಳಗೆ ನುಗ್ಗಿದ್ಲು. ಲಾಟೀನು ಬೆಳಕಲ್ಲಿ ಧರ್ಮಪ್ಪ ಒಬ್ಬನೇ ಕಂಡ. ಮರ ಎಷ್ಟು ದಪ್ಪ ಅಂದ್ರೆ ಆ ಕಡೆ ಇರೋರು ಕಾಣ್ತಿರ್ಲಿಲ್ಲ.

"ಆ ಕಡೆ ಯಾರಾ?" ಹಲ್ಲು ಕಚ್ಚಿ ಪಿಸುಗುಟ್ಟಿದ್ಲು.

"ನಿಮ್ಮೂರ ಹೆಂಗ್ಸೇ ಇರ್ಬೇಕು. ಮುಖ ಕಾಣ್ಲಿಲ್ಲ, ಮಾತೂ ಇಲ್ಲ. ಬರೀ ಬಳೆ ಸದ್ದು."

"ಕೊಯ್ದಿದ್ದೆಷ್ಟು?"

"ಅದೇ ಕಣವ್ವಾ... ಸಂಜೆಯಿಂದ ಎಳೀತಿದೀವಿ. ಬೆರಳಷ್ಟೂ ಇಳಿದಿಲ್ಲ."

ಯಾರ ಮನೆ ಹೆಣ್ಣು ಅಂತ ನೋಡೇಬಿಡ್ತೀನಿ ಅಂತ ಗುತ್ಯಮ್ಮ ಮರ ಸುತ್ತಿ ಹೋದ್ಲು.

ಯಾರೂ ಇಲ್ಲ.

ಗರಗಸದ ಹಿಡಿ ಮಾತ್ರ ಹೋಗ್ತಿದೆ... ಬರ್ತಿದೆ... ಝಿಲ್... ಝಿಲ್... ಕೆಳಗೆ ಒಂದು ಚಿಟಿಕೆ ಹುಡಿ ಬಿದ್ದಿಲ್ಲ.

ನೀವಾಗಿದ್ರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ರಿ. ನಾನೂ ಓಡ್ತಿದ್ದೆ, ಸುಳ್ಳು ಯಾಕೆ? ಆದ್ರೆ ಅವಳಿಗೆ ಹೆದರಿಕೆಗಿಂತ ಖುಷಿ ಹೆಚ್ಚಾಯ್ತಂತೆ ಕಣ್ರೇ. ನಮ್ಮೋರು ಯಾರೂ ಆಣೆ ಮುರಿದಿರಲಿಲ್ಲವಲ್ಲ! ಹಿಡಿ ಹತ್ರ ಬಗ್ಗಿ ಮೆಲ್ಲಗೆ ಅಂದ್ಲಂತೆ,

"ಬಿಡಬ್ಯಾಡ ಅವ್ವಾ... ಗಟ್ಟಿ ಹಿಡ್ಕೋ."

ಗರಗಸ ನಿಂತೇ ಹೋಯ್ತು.

ಧರ್ಮಪ್ಪ ಜಗ್ಗಿದ. ಬರ್ಲಿಲ್ಲ. ಎದ್ದು ಸುತ್ತಿ ಬಂದು ನೋಡಿದ... ಲಾಟೀನು ಅಲ್ಲೇ ಬಿಟ್ಟು ಓಟ ಕಿತ್ತ. ಗುತ್ಯಮ್ಮ ಓಡ್ಲಿಲ್ಲ. ಕಡಿಯಾಕೆ ಬರೋರು ಬರ್ಲಿ ಅಂತ ಮರಕ್ಕೆ ಬೆನ್ನು ಕೊಟ್ಟು ಬೆಳಗಿನವರೆಗೂ ಕೂತಿದ್ಲು.

ಬೆಳಗ್ಗೆ ಸಾಹೇಬ್ರು ಬಂದಾಗ ಕೇರಿ ಹೆಂಗಸರೆಲ್ಲ ಮರ ಸುತ್ತಿ ನಿಂತಿದ್ವಿ. ಕಂಟ್ರಾಕ್ಟರು ಇದ್ದಬದ್ದ ಆಳನ್ನೆಲ್ಲ ಹಚ್ಚಿ ಗರಗಸ ಎಳೆಸಿದ. ಅಲ್ಲಾಡ್ಲಿಲ್ಲ. "ಮರದ ಅಂಟು ಹಿಡಿದದೆ" ಅಂದ. ಸಾಹೇಬ್ರು ಮರ ನೋಡಿದ್ರು, ಜಲದ ನೀರು ಬೊಗಸೇಲಿ ಕುಡಿದ್ರು, ಬನಕ್ಕೆ ಕೈ ಹಚ್ಚಬ್ಯಾಡಿ ಅಂತ ಹೇಳಿ ಹೋದ್ರು.

ಅಂಟಂತೆ, ಅಂಟು! ಮಾಗಿ ಚಳಿ, ಇಬ್ಬನಿ ತೊಟ್ಟಿಕ್ತಿತ್ತು. ಧರ್ಮಪ್ಪನ ಕಡೆ ಹಿಡಿ ಒದ್ದೆಯಾಗಿ ಕೊರೀತಿತ್ತು. ಆ ಕಡೆ ಹಿಡಿ ಮುಟ್ಟಿ ನೋಡಿದೋಳು ನಾನೇ, ಇದೇ ಕೈಯಲ್ಲಿ. ಒಣಗಿತ್ತು... ಬೆಚ್ಚಗಿತ್ತು.