ಕಿವುಡು ಇಲಿಗಳು ಕಿವಿ ಅಲುಗಿಸಿದ್ದು

ದೀಪ ಸ್ವಲ್ಪ ಸಣ್ಣ ಮಾಡಿ ಹತ್ತಿರ ಬನ್ನಿ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ, ತೋಡಾರಿನ ನಮ್ಮ ನೆರೆಮನೆಯ ವೀರರಾಜನಿಗೆ ಆದದ್ದು. ಅರವತ್ತೆರಡನೇ ಇಸವಿ, ಏಪ್ರಿಲ್ ತಿಂಗಳು.

ವೀರರಾಜ ಮಂಗಳೂರಿನ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರು. ಅಂದು ಬಸ್ಸು ಗುರುಪುರದಲ್ಲಿ ಕೆಟ್ಟು ನಿಂತು, ಅವನು ತೋಡಾರಿನಲ್ಲಿ ಇಳಿಯುವಾಗ ಒಂಬತ್ತು ದಾಟಿತ್ತು. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಹಾಗಾಗಿ ಅವಸರವೂ ಇಲ್ಲ. ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬ, ಮುಚ್ಚಳಕ್ಕೆ ಮೊಳೆಯಿಂದ ಮಾಡಿದ ತೂತು. ಒಳಗೆ ಮೂರು ಬಿಳಿ ಇಲಿಗಳು... ಕರಕರ, ಕರಕರ... ತಗಡಿನ ಮೇಲೆ ಉಗುರು ಎಳೆಯುತ್ತ ಸುತ್ತುತ್ತಿದ್ದವು.

ಅವು ಹುಟ್ಟು ಕಿವುಡು. ನಿಂತಲ್ಲಿ ನಿಲ್ಲದೆ ಬುಗುರಿಯ ಹಾಗೆ ತಿರುಗುವ ಜಾತಿ. ಇಬ್ರಾಹಿಂ ಖಲೀಲ್ ಎಂಬ ಮಾಸ್ಟ್ರು ಅವುಗಳ ಕಿವಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ರಜೆ ಶುರುವಾದ ದಿನ, ಉಳಿದ ಮೂರಕ್ಕೆ ಕ್ಲೋರೋಫಾರಂ ಕೊಟ್ಟು ಮುಗಿಸಲು ವೀರರಾಜನಿಗೆ ಹೇಳಿ ಹೋದರು. ಇರುವೆ ಕಂಡರೆ ಕಾಲು ತೆಗೆದಿಡುವವನಿಗೆ ಹೇಳುವ ಕೆಲಸವಾ ಅದು? ಅವನು ಡಬ್ಬಕ್ಕೆ ಹಾಕಿ ಮನೆಗೆ ಹೊರಟ.

ದಯೆ ಒಂದೇ ಅಲ್ಲ. ಅವನಿಗೆ ಆ ಇಲಿಗಳ ಜೊತೆ ಬೇರೆ ನಂಟು ಉಂಟಾಗಿತ್ತು. ಒಮ್ಮೆ ಮಾಸ್ಟ್ರ ಹತ್ತಿರ ಕೇಳಿದ್ದ, "ಇವುಗಳ ಕಿವಿಯ ಒಳಗೆ ಎಂಥ ಆಗಿದೆ ಸಾರ್?"

"ಬಸವನಹುಳದ ಚಿಪ್ಪಿನ ಹಾಗೆ ಒಂದು ಸುರುಳಿ ಉಂಟು ವೀರರಾಜರೆ. ಅದರಲ್ಲಿ ರೋಮದಂಥ ಜೀವಕಣಗಳು, ಸಾಲಾಗಿ. ಶಬ್ದ ಹಿಡಿಯುವುದು ಅವೇ. ಇವುಗಳಲ್ಲಿ ಅವೆಲ್ಲ ಸತ್ತುಹೋಗಿವೆ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ."

"ಯಾಕೆ ಸಾಯ್ತದೆ?"

"ರಕ್ತದಲ್ಲಿ ಬರುವುದು. ಅಪ್ಪ ಅಮ್ಮನಿಗೆ ಚೆನ್ನಾಗಿಯೇ ಕೇಳಬಹುದು. ಇಬ್ಬರ ಕಡೆಯಿಂದಲೂ ಬಂದರೆ ಮರಿ ಕಿವುಡು."

ವೀರರಾಜನ ಹೆಂಡತಿ ರಾಜಮತಿ ಸ್ವಂತ ಸೋದರಮಾವನ ಮಗಳು. ಅವನ ಅಕ್ಕ ಪದ್ಮಲತಾ ಹುಟ್ಟು ಕಿವುಡಿ, ಮಾತೂ ಬರುತ್ತಿರಲಿಲ್ಲ. ಈಗ ತನ್ನ ಮಗಳಿಗೆ ಹನ್ನೊಂದು ತಿಂಗಳು... ಬಾಗಿಲು ಬಡಿದರೂ ತಿರುಗುವುದಿಲ್ಲ. ರಾಜಮತಿ ದಿನಾ ಅದರ ಬೆನ್ನ ಹಿಂದೆ ಕೂತು ಕಂಚಿನ ಬಟ್ಟಲು ಬಾರಿಸುತ್ತಿದ್ದಳು. ಒಂದು ಸಲ ತಿರುಗಿದರೆ ಸಾಕಿತ್ತು. ವೀರರಾಜನಿಗೆ ಅಳುವೂ ಬರುತ್ತಿರಲಿಲ್ಲ, ಒಳಗೆಲ್ಲ ಜೋಮು ಹಿಡಿದ ಹಾಗೆ ಇತ್ತು.

ಮನೆಯ ದಾರಿಯಲ್ಲಿ ಹಳೆಯ ಬಾವಿ. ನಾಲ್ಕು ವರ್ಷದ ಹಿಂದೆ ಅಕ್ಕ ಬಿದ್ದು ಸತ್ತದ್ದು ಅದರಲ್ಲೇ. ಕಟ್ಟೆ ಕುಸಿಯುತ್ತಿದೆ ಎಂದು ಜನ ಕೂಗಿದ್ದು ಅವಳಿಗೆ ಕೇಳಿರಲಿಲ್ಲ. ಆಮೇಲೆ ರಾಟೆ, ಹಗ್ಗ ತೆಗೆದು ಬಾಯಿಗೆ ಹಲಗೆ ಮುಚ್ಚಿದರು. ಬದುಕಿದ್ದಾಗ ಯಾರನ್ನಾದರೂ ಕರೆಯಬೇಕಾದರೆ ಅವಳು ಬಳೆಯಿಂದ ಕೊಡಪಾನದ ಕಂಠಕ್ಕೆ ಮೂರು ಸಲ ಬಡಿಯುತ್ತಿದ್ದಳು. ಟಣ್... ಟಣ್... ಟಣ್. ತನಗೆ ಕೇಳದ ಶಬ್ದದಿಂದಲೇ ಎಲ್ಲರನ್ನೂ ಕರೆದವಳು.

ಬಾವಿಯ ಹತ್ತಿರ ಬರುವಾಗ ಡಬ್ಬದ ಕರಕರ ನಿಂತಿತು.

ಸತ್ತವೋ ಏನೋ ಎಂದು ಅವನು ಮುಚ್ಚಳ ತೆಗೆದು ಟಾರ್ಚು ಹಾಕಿದ. ಮೂರೂ ಬದುಕಿದ್ದವು. ಮೂರೂ ಬಾವಿಯ ಕಡೆ ಮುಖ ಮಾಡಿ ಕೂತಿದ್ದವು. ಕಿವಿಗಳು ಒಟ್ಟಿಗೆ ಚಕ್ಕನೆ ಅಲುಗಿದವು... ತಡೆದು ಮತ್ತೊಮ್ಮೆ... ತಡೆದು ಮತ್ತೊಮ್ಮೆ. ಶಬ್ದ ಕೇಳಿದ ಇಲಿ ಮಾತ್ರ ಹಾಗೆ ಅಲುಗಿಸುವುದು. ಮಾಸ್ಟ್ರು ತಿಂಗಳುಗಟ್ಟಲೆ ಇವುಗಳ ತಲೆಯ ಹತ್ತಿರ ತಟ್ಟೆ ಬಡಿದಿದ್ದರು, ಒಂದು ಕಿವಿಯೂ ಅಲುಗಿರಲಿಲ್ಲ.

ವೀರರಾಜ ಉಸಿರು ಹಿಡಿದು ಕಿವಿಗೊಟ್ಟ. ಅವನಿಗೆ ಏನೂ ಕೇಳಲಿಲ್ಲ... ಒಂದು ಜೀರುಂಡೆಯ ಸದ್ದು ಕೂಡ.

"ಅಕ್ಕಾ," ಎಂದ ಮೆಲ್ಲನೆ. ಹೆದರಿಕೆಯೂ ಆಗಲಿಲ್ಲವಂತೆ. ಮುಚ್ಚಳ ಹಾಕಿ ನಡೆದ.

ರಾಜಮತಿ ಜಗಲಿಯಲ್ಲೇ ಇದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು.

"ಮೆಲ್ಲ ಬನ್ನಿ, ಮಗು ಈಗ ಮಲಗಿತಷ್ಟೆ," ಎಂದು ಪಿಸುಗುಟ್ಟಿದಳು. "ಇವತ್ತು ತಿರುಗಿತು. ಮೂರು ಸಲ."

"ಬಟ್ಟಲು ಬಾರಿಸಿದೆಯಾ?"

"ಇಲ್ಲ. ನಾನು ಸುಮ್ಮನೆ ಕೂತಿದ್ದೆ. ಅದೇ ಬಾಗಿಲ ಕಡೆ ತಿರುಗಿತು."

"ಎಂಥ ಶಬ್ದಕ್ಕೆ?"

"ಅದೇ ಗೊತ್ತಾಗಲಿಲ್ಲ. ನನಗೆ ಎಂಥದೂ ಕೇಳಲಿಲ್ಲ. ಆಮೇಲೆ ನಕ್ಕು ಎರಡೂ ಕೈ ಮೇಲೆ ಮಾಡಿತು, ಎತ್ತಿಕೊಳ್ಳಿ ಅಂತ. ನೀವು ಬಂದ್ರಿ ಅಂತ ಹೊರಗೆ ಹೋಗಿ ನೋಡಿದೆ. ಯಾರೂ ಇಲ್ಲ... ನಮ್ಮ ಮಗುವಿಗೆ ಕೇಳ್ತದೆ ಅಲ್ವಾ?"

ವೀರರಾಜ ಅವಳ ಮುಖ ನೋಡಿದ. ಆ ನಗುವನ್ನು ಕೆಡಿಸಲು ಅವನಿಂದ ಆಗಲಿಲ್ಲ.

"ಕೇಳ್ತದೆ," ಎಂದ.

ಒಳಗೆ ಹೋಗಿ ಮಗುವನ್ನು ಎತ್ತಿಕೊಂಡ. ಮಗುವಿನ ಅಂಗಿ ಎರಡೂ ಕಂಕುಳ ಕೆಳಗೆ ಒದ್ದೆಯಾಗಿತ್ತು, ತಣ್ಣಗೆ, ಒಂದೊಂದು ಅಂಗೈಯಷ್ಟು. ಬೇರೆಲ್ಲ ಕಡೆ ಒಣಗಿಯೇ ಇತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮರುದಿನ ಆ ಅಂಗಿ ನಮ್ಮ ಬೇಲಿಯ ಮೇಲೆ ಒಣಗುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ರಾಜಮತಿ ಎರಡು ಸಲ ಸಾಬೂನು ಹಾಕಿ ತಿಕ್ಕಿದ್ದಳು. ಆ ಎರಡು ಕಡೆಯ ಪಾಚಿಯ ಹಸಿರು ಹೋಗಿರಲಿಲ್ಲ.