ಹನ್ನೆರಡು ನಿಮಿಷದ ಡಿಸ್ಕ್

ನಗೋರಿದ್ರೆ ಈಗ್ಲೇ ನಕ್ಕು ಮುಗಿಸ್ರಿ. ನಡುವೆ ನಕ್ಕರೆ ಈ ಬಿಬಿಜಾನ್ ಸುಮ್ಮನಿರೋಳಲ್ಲ. ಇದು ನಮ್ಮ ಖಾಲಾನ, ಅಂದ್ರೆ ಅವ್ವನ ತಂಗಿಯ ಮಗ ಮುನಾವರನಿಗೆ ಆಗಿದ್ದು. ಹರಪನಹಳ್ಳಿಯಲ್ಲಿ ಕಂಪ್ಯೂಟರ್, ಸಿಸಿ ಕ್ಯಾಮೆರಾ ರಿಪೇರಿ ಮಾಡ್ತಾನ.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಕನಕರಾಜನ ಮೆಕ್ಕೆಜೋಳದ ಗೋಡೌನಿಂದ ಒಬ್ಬನೇ ನಡ್ಕೊಂಡು ಬರ್ತಿದ್ದ. ದಾರಿಯಲ್ಲಿ ಆ ಹಾಳುಬಾವಿ. ಒಂಬತ್ತು ದಿನದ ಹಿಂದೆ ಅದರೊಳಗೆ ಲಕ್ಷ್ಮಿದೇವಿ ಹೆಣ ಸಿಕ್ಕಿತ್ತು. ಅದೇ ಗೋಡೌನಲ್ಲಿ ಕಾಳು ಹಸನು ಮಾಡೋಳು. ಗಂಡ ಚೌಡಣ್ಣನೇ ಹೊಡೆದು ನೂಕ್ಯಾನ ಅಂತ ಅವನನ್ನ ಜೈಲಿಗೆ ಹಾಕಿದ್ರು. ಸತ್ತ ದಿನ ಅವಳು ಕೆಲಸಕ್ಕೇ ಬಂದಿರಲಿಲ್ಲ ಅಂತ ಕನಕರಾಜ ಪೊಲೀಸರಿಗೆ ಹೇಳಿದ್ದ.

ಬಂದಿದ್ದಳು. ಮುನಾವರ ಈಗಷ್ಟೇ ಕಣ್ಣಾರೆ ನೋಡಿ ಬಂದಿದ್ದ.

ಗೋಡೌನಿನ ಕ್ಯಾಮೆರಾ ಡಿಸ್ಕ್ ತುಂಬಿತ್ತು; ಅದು ಏನೂ ಹಿಡಿದಿಲ್ಲ ಅಂತ ತಿಳಿದೇ ಕನಕರಾಜ ಇವನನ್ನ ಕರೆಸಿದ್ದ. ಅದರ ನಾಲ್ಕರಷ್ಟು ದೊಡ್ಡ ಡಿಸ್ಕಿಗೆ ಹಳೇದೆಲ್ಲಾ ಕಾಪಿ ಮಾಡಿದ್ದ. ಡಿಸ್ಕ್ ದೊಡ್ಡದಾದ್ರೂ ಒಳಗಿನ ಪಾರ್ಟಿಷನ್, ಅಂದ್ರೆ ವಿಡಿಯೋ ಇಡೋ ಜಾಗದ ಗಡಿ, ಹಳೇ ಅಳತೆಯದೇ ಇರ್ತೈತಂತೆ, ಪಕ್ಕದ ಹೊಲ ಕೊಂಡು ಬದು ಸರಿಸದೇ ಬಿಟ್ಟಂಗ. ಪಾರ್ಟಿಷನ್ ಅಳಿಸಿ, ಮೊದಲು ಸುರುವಾದ ನಂಬರಿನಿಂದಲೇ ಮತ್ತೆ ಹಾಕಿ, ಕೊನೆಯನ್ನ ಮುಂದಕ್ಕೆ ಒಯ್ದರೆ ಒಳಗಿದ್ದದ್ದು ಹಂಗೇ ಉಳೀತೈತಿ. ಸುರುವಿನ ನಂಬರ್ ತಪ್ಪಿತೋ, ಯಾವುದೂ ತೆರೆಯಲ್ಲ.

ಕಾಪಿ ಸರಿ ಬಂದೈತಾ ಅಂತ ಒಂದು ವಿಡಿಯೋ ಒತ್ತಿದ. ಲಕ್ಷ್ಮಿದೇವಿ ಮ್ಯಾಲೆ, ಒಂದರ ಮ್ಯಾಲೊಂದು ಒಟ್ಟಿದ್ದ ಚೀಲದ ನಿಟ್ಟು ಕುಸೀತು. ಒಂದು ಕೈ ಮಾತ್ರ ಹೊರಗೆ. ಆ ಕೈ ನೆಲ ಬಡೀತಿತ್ತು... ಪಟ್... ಪಟ್... ಹನ್ನೆರಡು ನಿಮಿಷ. ಹಂಗ ಎತ್ತರಕ್ಕೆ ಒಟ್ಟಬ್ಯಾಡ್ರಿ ಅಂತ ಹಮಾಲರು ಮೊದಲೇ ಹೇಳಿದ್ರು. ಕೇಸು ತನ್ನ ಮ್ಯಾಲೆ ಬರ್ತೈತಿ ಅಂತ ಕನಕರಾಜ ಶಟರ್ ಎಳೆದ. ಸದ್ದು ನಿಲ್ಲೋತನಕ ಪಕ್ಕದಲ್ಲೇ ನಿಂತಿದ್ದ, ಆಮೇಲೆ ಹೆಣಾನ ಒಯ್ದು ಬಾವಿಗೆ ಹಾಕಿದ್ದ.

ಮುನಾವರ ವಿಡಿಯೋ ನೋಡುವಾಗಲೂ ಹಿಂದೆ ನಿಂತಿದ್ದ. ಹಳೇ ಡಿಸ್ಕನ್ನ ಸುತ್ತಿಗೆಯಿಂದ ಜಜ್ಜಿದ.

"ನಿನಗೂ ಹೆಂಡ್ತಿ ಮಕ್ಕಳು ಅದಾರಲ್ಲೋ. ಹೊಸದ್ರಾಗಿಂದೂ ಅಳಿಸು."

ಮುನಾವರ ಹೆದರಿದ. ಪಾರ್ಟಿಷನ್ ಅಳಿಸಿದ. ಬೇಕಂತಲೇ ಬೇರೆ ನಂಬರಿನಿಂದ ಹೊಸದು ಹಾಕಿ, ಫಾರ್ಮ್ಯಾಟ್ ಮಾಡಿ ಒಳಗಿದ್ದದ್ದೆಲ್ಲಾ ಒರೆಸಿದ. ಲೇಬಲ್‌ಗೆ 'ಗೋಡೌನ್' ಅಂತ ಹೆಸರು ಕೊಟ್ಟ. ಚೌಡಣ್ಣನಿಗಿದ್ದ ಒಂದೇ ಸಾಕ್ಷಿ... ಹೋಯ್ತು.

ಬಾವಿ ಹತ್ರ ಬಂದಾಗ ಹಿಂದಿನಿಂದ ಸದ್ದು. ಒಣ ಕಾಳು ಕಲ್ಲಿನ ಮ್ಯಾಲೆ ಬಿದ್ದಂಗ. ಟಿಣ್... ಟಿಣ್... ಆಮೇಲೆ ನೀರಿಗೆ, ಬುಳಕ್. ಇವನು ನಿಂತ. ಅದೂ ನಿಂತಿತು.

"ಅಣ್ಣಾ... ಎಲ್ಲಿಂದ ಸುರು ಮಾಡಿದಿ?"

ಹೆಣ್ಣುದನಿ. ಕಿವಿಯ ಪಕ್ಕದಲ್ಲೇ.

"ತಪ್ಪಾತವ್ವಾ..."

"ಮೊದಲಿದ್ದಲ್ಲಿಂದ ಸುರು ಮಾಡು."

ಬಿದ್ದು ಎದ್ದು ವಾಪಸ್ ಓಡಿದ. ಗೋಡೌನಿಗೆ ಅಂಟಿದ ಆಫೀಸ್ ರೂಮಿನ ಬಾಗಿಲು ತೆರೆದೇ ಇತ್ತು. ಕನಕರಾಜ ಕಾಣಲಿಲ್ಲ. ಮುನಾವರ ಹೊಸ ಪಾರ್ಟಿಷನ್ ಅಳಿಸಿ ಹಳೇ ನಂಬರ್ ಒತ್ತಿದ. ಫಾರ್ಮ್ಯಾಟ್ ಆದ ಮ್ಯಾಲೆ ಹೋದ ವಿಡಿಯೋ ಹಂಗೆ ವಾಪಸ್ ಬರಬಾರದು. ಬಂತು. ಲೇಬಲ್ ಜಾಗದಲ್ಲಿ ಲಕ್ಷ್ಮಿದೇವಿ ಅಂತ ಇತ್ತು. ಆ ಹೆಸರು ಯಾರೂ ಹಾಕಿದ್ದಲ್ಲ.

ವಿಡಿಯೋನ ಪೆನ್‌ಡ್ರೈವಿಗೆ ಹಾಕ್ಕೊಳ್ಳುವಾಗ ಗೋಡೆಯಾಚೆ ಗೋಡೌನಿಂದ ಸದ್ದು ಬರ್ತಿತ್ತು. ಪಟ್... ಪಟ್... ಮುನಾವರ ಎದ್ದು ನೋಡಲಿಲ್ಲ. ನಾನಾಗಿದ್ರೂ ನೋಡ್ತಿರಲಿಲ್ಲ.

ಬೆಳಿಗ್ಗೆ ಪೊಲೀಸರನ್ನ ಕರ್ಕೊಂಡು ಬಂದ. ಶಟರ್ ಒಳಗಿಂದ ಬಂದ್. ಮುರಿದು ನೋಡಿದ್ರೆ ಕನಕರಾಜ ನೆಲದ ಮ್ಯಾಲೆ ಬೋರಲು ಬಿದ್ದಿದ್ದ, ಪಕ್ಕೆಲುಬೆಲ್ಲಾ ಒಳಗೆ ಹೋಗಿದ್ವು. ಭಾರ ಬಿದ್ದು ಸತ್ತಾನ ಅಂದ್ರು ಡಾಕ್ಟರು. ಯಾವ ಭಾರರೀ? ಮಾಲೆಲ್ಲಾ ಮೂರು ದಿನದ ಹಿಂದೆಯೇ ಲಾರಿ ಹತ್ತಿತ್ತು. ಗೋಡೌನಲ್ಲಿ ಒಂದು ಚೀಲವೂ ಇರಲಿಲ್ಲ. ಆ ರಾತ್ರಿ ಕ್ಯಾಮೆರಾ ಹಿಡಿದ ವಿಡಿಯೋದಲ್ಲೂ ಅವನೊಬ್ಬನೇ. ಬರೀ ನೆಲ, ಅದನ್ನ ಬಡಿಯೋ ಕೈ. ಹನ್ನೆರಡು ನಿಮಿಷ, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆ ಇಲ್ಲ. ನನಗಂತೂ ಅವನ ಮ್ಯಾಲೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಚೌಡಣ್ಣ ಹೊರಗೆ ಬಂದ. ಕೇಸು ಮುಗಿದ ಮ್ಯಾಲೆ ಆ ಹೊಸ ಡಿಸ್ಕ್ ಮುನಾವರನ ಕೈ ಸೇರಿತು. ಮನಿಯಲ್ಲಿ ಇಟ್ಕೊಳ್ಳೋ ಧೈರ್ಯ ಅವನಿಗಿಲ್ಲ, ಅದಕ್ಕೇ ನನ್ನ ಟ್ರಂಕಿನಲ್ಲಿ ಐತಿ. ಉಳಿದದ್ದೆಲ್ಲಾ ಅಳಿಸ್ಯಾನ. ಒಳಗಿರೋದು ಲಕ್ಷ್ಮಿದೇವಿದು, ಕನಕರಾಜಂದು, ಅವೆರಡೇ ವಿಡಿಯೋ. ಅಷ್ಟು ದೊಡ್ಡ ಡಿಸ್ಕು... ಆದ್ರೂ ಕಂಪ್ಯೂಟರಿಗೆ ಹಚ್ಚಿದಾಗೆಲ್ಲಾ ತುಂಬೈತಿ ಅಂತಲೇ ತೋರಸ್ತೈತಿ. ಒಂದು ಫೋಟೋ ಹಿಡಿಯೋ ಜಾಗವೂ ಇಲ್ಲ. ಸುಳ್ಳು ಅನ್ನೋರು ಬರ್ರಿ, ಟ್ರಂಕಿನ ಕೀಲಿ ನನ್ನ ಸೊಂಟದಲ್ಲೇ ಐತಿ.