ಮರೂಸೋಳ ಬಿಳಿ ದುಪ್ಪಟಿ

ನಮ್ಮ ಆಂದ್ರೋಸ್ ದ್ವೀಪದಲ್ಲಿ ಹುಟ್ಟಿದ ಆ ದೊಡ್ಡ ವಿಹಾರ ಹಡಗಿನ ಕಂಪನಿ ಇದೆಯಲ್ಲ, ಅದನ್ನು ಕಟ್ಟಿದವನು ನಾನೇ. ಸುಳ್ಳು. ಅದರ ಮೊದಲ ದೋಣಿಯಲ್ಲಿ ಒಮ್ಮೆ ವಾಂತಿ ಮಾಡಿದ್ದೆ, ಅಷ್ಟೇ ನನ್ನ ಪಾಲು. ಆದರೆ ಇನ್ನು ಹೇಳೋದು ಸುಳ್ಳಲ್ಲ. ನನ್ನ ದೊಡ್ಡಪ್ಪನ ಮಗ ಝಾನಿಸ್‌ಗೆ ಆಗಿದ್ದು.

ಆ ರಾತ್ರಿ ಝಾನಿಸ್ ಕೊನೇ ಬಸ್ಸಿಳಿದು ಊರಿನ ಏರು ಹತ್ತುತ್ತಿದ್ದ. ತಾಯಿ ಮರೂಸೋ ತೀರಿಕೊಂಡಾಗ ಅವನ ಹಡಗು ನಡುನೀರಲ್ಲಿತ್ತು, ಮಣ್ಣಿಗೆ ಬರಲಾಗಿರಲಿಲ್ಲ. ಈಗ ಸಿಕ್ಕಿದ್ದು ಒಂದೇ ರಾತ್ರಿಯ ರಜೆ. ನಲವತ್ತನೇ ದಿನದವರೆಗೆ ಜೀವ ಮನೆ ಸುತ್ತಲೇ ಸುಳಿಯುತ್ತದೆ ಅಂತಾರೆ. ಇನ್ನು ಮೂರು ದಿನ ಉಳಿದಿತ್ತು.

ಕೆಳಗೆ ಕಡಲು... ಅವನು ಅತ್ತ ನೋಡಲಿಲ್ಲ.

ಅವನ ಅಪ್ಪ ಇಸಿದೋರೋಸ್ ಶುರು ಮಾಡಿದ್ದು ಒಂದು ಮರದ ದೋಣಿಯಿಂದ. ನಿಂಬೆಹಣ್ಣು, ಆಡು ತುಂಬಿಕೊಂಡು ಪಿರೇಯಸ್ ಬಂದರಿಗೆ ಹೋಗಿಬರುತ್ತಿದ್ದ. ಊರ ಕೆಳಗೆ ಬಂದಾಗ ಮೂರು ಸಲ ಶಂಖ ಊದುತ್ತಿದ್ದ. ಭೋಂ... ಭೋಂ... ಭೋಂ. ಮರೂಸೋ ಮಹಡಿಯಿಂದ ಬಿಳಿ ದುಪ್ಪಟಿ ಬೀಸಿ, ಸಾರಿಗೆ ಒಲೆ ಹಚ್ಚುತ್ತಿದ್ದಳು. ಪ್ರವಾಸಿಗರು ಆಡಿನಷ್ಟು ಒದೆಯೋದಿಲ್ಲ ಅಂತ ಅವನಿಗೆ ಆಮೇಲೆ ಹೊಳೆಯಿತು. ಹಳೇ ಉಗಿಹಡಗು ಕೊಂಡು ಬಿಳಿ ಬಣ್ಣ ಬಳಿದ. ಶಂಖ ಹೋಗಿ ಕೀಂ ಅನ್ನುವ ಸೀಟಿ ಬಂತು. ಹಡಗು ಎರಡಾಯಿತು, ಐದಾಯಿತು. ಸೀಟಿ ಹೋಗಿ ಎದೆಗೂಡು ನಡುಗಿಸುವ ಹಾರ್ನ್ ಬಂತು. ದುಪ್ಪಟಿ ಮಾತ್ರ ಅದೇ.

ಇಸಿದೋರೋಸ್ ಸತ್ತ ಮೇಲೆ ಕಂಪನಿ ಪಿರೇಯಸ್‌ನ ಗಾಜಿನ ಕಟ್ಟಡದವರ ಪಾಲಾಯಿತು. ಹನ್ನೊಂದು ಅಂತಸ್ತಿನ ಹಡಗು, ನೆತ್ತಿಯ ಮೇಲೆ ಈಜುಕೊಳ. ಝಾನಿಸ್ ಅದರ ಕ್ಯಾಪ್ಟನ್, ಸಂಬಳದವನು. ಕಟ್ಟಳೆಯೂ ಬಂತು: ರಾತ್ರಿ ಊರಿನ ಕಡೆ ಹಾರ್ನ್ ಕೂಗಿಸುವ ಹಾಗಿಲ್ಲ, ಅತಿಥಿಗಳ ನಿದ್ದೆ ಕೆಡುತ್ತದೆ. ಎರಡು ವರ್ಷ ಅವನು ತಾಯಿಯ ಮನೆ ಕೆಳಗೇ ಬಾಯಿ ಮುಚ್ಚಿಕೊಂಡು ಹಾದುಹೋದ.

ಚಿನಾರ್ ಮರದ ಬಾವಿ ಹತ್ತಿರ ಬಂತು. ಗಾಳಿ ಬಿದ್ದುಹೋಯಿತು.

ತಪ್... ತಪ್... ತಪ್.

ಒದ್ದೆ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು. ಕಪ್ಪು ತಲೆವಸ್ತ್ರ, ಬಾಗಿದ ಬೆನ್ನು. ಗುರುತು ಹತ್ತಿತು.

"ಬಂದ್ಯಾ," ತಿರುಗದೆ ಪಿಸುಗುಟ್ಟಿದಳು. "ಆ ತುದಿ ಹಿಡ್ಕೋ. ಒಬ್ಬಳ ಕೈಲಿ ಹಿಂಡೋಕಾಗಲ್ಲ."

ಹಿಡಿದ. ಚಿಕ್ಕಂದಿನ ಹಾಗೇ ಇಬ್ಬರೂ ತಿರುಚಿದರು. ನೀರು ಚಿಟಚಿಟ ಕಲ್ಲಿಗೆ ಬಿತ್ತು.

"ನೋಡು, ಎಷ್ಟು ಕೊಳೆ. ದಿನಾ ರಾತ್ರಿ ಬೀಸಿದ್ದಲ್ಲ..."

"ನಾನು ಕೂಗಲೇ ಇಲ್ವಲ್ಲಮ್ಮ."

"ಅದಕ್ಕೇ ಮಗಾ. ಯಾವುದು ನಿಂದು ಅಂತ ಗೊತ್ತಾಗ್ತಿರ್ಲಿಲ್ಲ. ಎಲ್ಲದಕ್ಕೂ ಬೀಸಿದೆ." ದುಪ್ಪಟಿಯನ್ನು ಇನ್ನೊಂದು ಸುತ್ತು ತಿರುಚಿದಳು. "ಮೀನು ದೋಣಿಗೂ ಬೀಸಿದೆ. ಮುದುಕಿಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ತಾರೆ..."

ಅವನು ಕಣ್ಣೊರೆಸಿಕೊಂಡು ನೋಡಿದರೆ ಬಾವಿ ಕಟ್ಟೆ ಬರಿದು. ಅಂಗೈಯಲ್ಲಿ ಮಾತ್ರ ಆಲಿವ್ ಎಣ್ಣೆ ಸೋಪಿನ ವಾಸನೆ.

ನಲವತ್ತನೇ ರಾತ್ರಿ ಹಡಗು ಊರ ಕೆಳಗೆ ಬಂತು. ಝಾನಿಸ್ ಹಾರ್ನಿನ ಗುಂಡಿಗೆ ಕೈಯಿಟ್ಟ. ಪಕ್ಕದಲ್ಲಿದ್ದ ಸಹಾಯಕ ಅಧಿಕಾರಿ ಆ ಕೈ ಹಿಡಿದುಕೊಂಡ.

"ಬೇಡ ಕ್ಯಾಪ್ಟನ್. ಕೆಲಸ ಹೋಗುತ್ತೆ."

"ಹೋಗ್ಲಿ ಬಿಡೋ. ಅಮ್ಮ ಅಲ್ಲಿ ಮೀನು ದೋಣಿಗೆಲ್ಲ ಬೀಸ್ತಾ ನಿಂತಿದ್ದಾಳೆ."

ಮೂರು ಸಲ ಕೂಗಿಸಿದ. ಹನ್ನೊಂದು ಅಂತಸ್ತಿನಲ್ಲೂ ದೀಪ ಹತ್ತಿದವು. ಝಾನಿಸ್ ಗಾಜಿಗೆ ಹಣೆ ಒತ್ತಿ ನೋಡಿದ. ನೋಡುತ್ತಲೇ ಇದ್ದ... ಊರು ಕತ್ತಲು. ಅವನಿಗೆ ಏನೂ ಕಾಣಲಿಲ್ಲ, ಪಾಪ.

ಕೆಲಸ ಹೋಯಿತು. ಅದು ಇರಲಿ. ಮರುದಿನ ಬೆಳಿಗ್ಗೆ ದೂರು ಹೇಳಲು ಹಡಗಿನಲ್ಲಿದ್ದ ಒಬ್ಬ ಜರ್ಮನ್ ಅಜ್ಜಿ ಝಾನಿಸ್ ಹತ್ತಿರ ಬಂದಳು. "ನಿಮ್ಮ ಗಲಾಟೆಗೆ ನಿದ್ದೆ ಹಾಳಾಯ್ತು," ಅಂದಳು. ಹೋಗುತ್ತಾ ಬಾಗಿಲಲ್ಲಿ ನಿಂತು ಕೇಳಿದಳಂತೆ: "ಅಲ್ಲಿ ಮೇಲಿನ ಮನೆಯಲ್ಲಿ ಅಷ್ಟು ಹೊತ್ತಲ್ಲಿ ಒಬ್ಬಳು ಬಿಳಿ ದುಪ್ಪಟಿ ಕೊಡವುತ್ತಿದ್ದಳಲ್ಲ, ಅವಳಿಗೂ ನಿದ್ದೆ ಇಲ್ವಾ?"

ಆ ದುಪ್ಪಟಿಯನ್ನು ಶವಪೆಟ್ಟಿಗೆಯಲ್ಲಿ ದೊಡ್ಡಮ್ಮನ ಕಾಲ ಬಳಿ ಮಡಿಸಿಟ್ಟವನು ನಾನು, ಈ ಕೈಯಿಂದಲೇ. ಮನೆಗೆ ಅವತ್ತೇ ಬೀಗ. ಕೀ ನನ್ನ ಜೇಬಲ್ಲಿದೆ, ನೋಡು ಮಾರಾಯ, ಇದೇ. ಟೀ ದುಡ್ಡು ಮಾತ್ರ ಆ ಜೇಬಲ್ಲಿಲ್ಲ... ಅದನ್ನು ನೀನೇ ಕೊಟ್ಟುಬಿಡು.